ಬೀಗದ ಕೈ ಜೇಬಲ್ಲಿಟ್ಟುಕೊಂಡು

ಹುಡುಗ: ದೊಡ್ಡಮ್ಮ, ಸುತ್ತಿ ಬಳಸಿ ಕೇಳೋಕೆ ನನಗೆ ಬರಲ್ಲ. ಸೈಕಿಯಾಟ್ರಿ ನರ್ಸಿಂಗ್ ನನ್ನಂಥವನಿಗೆ ಆಗುತ್ತಾ?

ದೊಡ್ಡಮ್ಮ: ನಿನ್ನಂಥವನು ಅಂದ್ರೆ ಎಂಥವನು, ಅದನ್ನ ಮೊದಲು ಹೇಳು.

ಹುಡುಗ: ನಿಮಗೆ ಗೊತ್ತಲ್ಲ. ಮದುವೆ ಮನೇಲಿ ಎಲೆ ಎತ್ತೋ ಮೊದಲೇ ಚಪ್ಪಲಿ ಹುಡುಕೋನು. ಹತ್ತು ಜನ ಸೇರಿದ ಕಡೆ ಬಾಯಿ ಕಟ್ಟಿಹೋಗುತ್ತೆ. ಆದ್ರೆ ಒಬ್ಬರೇ ಕೂತು ಕಷ್ಟ ಹೇಳಿಕೊಂಡ್ರೆ ಎಷ್ಟು ಹೊತ್ತು ಬೇಕಾದ್ರೂ ಕೇಳ್ತೀನಿ. ಹಾಸ್ಟೆಲಲ್ಲಿ ಎಲ್ಲರ ಲವ್ ಫೇಲ್ಯೂರೂ ನನ್ನ ರೂಮಿಗೇ ಬಂದು ಅಳ್ತಿತ್ತು. ಈಗ ಎರಡು ಕಡೆಯಿಂದ ಕರೆ ಬಂದಿದೆ. ಒಂದು ದೊಡ್ಡ ಆಸ್ಪತ್ರೆಯ ಐಸಿಯು. ಇನ್ನೊಂದು ಖಾಸಗಿ ಮಾನಸಿಕ ಆಸ್ಪತ್ರೆ, ಸಂಬಳ ಕಡಿಮೆ. 'ನಮಗೆ ಬ್ರದರ್ ಬೇಕೇಬೇಕು' ಅಂತ ಅವರೇ ಫೋನ್ ಮಾಡಿದ್ರು.

ದೊಡ್ಡಮ್ಮ: ನಿನ್ನ ಎತ್ತರ ಎಷ್ಟು ಅಂತ ಕೇಳಿದ್ರಾ?

ಹುಡುಗ: ಕೇಳಿದ್ರು! ನಿಮಗೆ ಹೇಗೆ ಗೊತ್ತಾಯ್ತು?

ದೊಡ್ಡಮ್ಮ: ಅದಕ್ಕೆ ಆಮೇಲೆ ಬರೋಣ. ನಿಮ್ಮಮ್ಮ ಏನಂತಾಳೆ?

ಹುಡುಗ: 'ಹುಚ್ಚಾಸ್ಪತ್ರೆ ಸೇರಿದ್ರೆ ಹೆಣ್ಣು ಯಾರು ಕೊಡ್ತಾರೆ' ಅಂತಾಳೆ.

ದೊಡ್ಡಮ್ಮ: ನಾನು ಸೇರಿದಾಗ ನಿಮ್ಮ ತಾತನಿಗೂ ಅದೇ ಚಿಂತೆ, ಗಂಡು ಎಲ್ಲಿ ಸಿಗುತ್ತೆ ಅಂತ. ನಿಮ್ಮ ದೊಡ್ಡಪ್ಪ ಸಿಗಲಿಲ್ವಾ? ಅದನ್ನ ನನಗೆ ಬಿಡು, ಅವಳ ಹತ್ರ ನಾನು ಮಾತಾಡ್ತೀನಿ. ಈಗ ಹೇಳು, ಓದುವಾಗ ಮಾಡಿದ ಸೈಕಿಯಾಟ್ರಿ ಪೋಸ್ಟಿಂಗಲ್ಲಿ ನಿನಗೆ ಹಿಡಿಸಿದ್ದು ಏನು?

ಹುಡುಗ: ಪ್ರೋಸೆಸ್ ರೆಕಾರ್ಡಿಂಗ್. ಅವರು ಆಡಿದ ಮಾತು ಒಂದು ಕಾಲಂ, ನಾನು ಆಡಿದ್ದು ಇನ್ನೊಂದು, ಪಕ್ಕದಲ್ಲಿ ಯಾಕೆ ಹಾಗೆ ಅಂದೆ, ಅವರು ಯಾಕೆ ಹಾಗೆ ಅಂದಿರಬಹುದು ಅಂತ. ಬೇರೆಯವರಿಗೆ ಅದು ಶಿಕ್ಷೆ, ನನಗೆ ರಾತ್ರಿ ಎಲ್ಲ ಬರೆದ್ರೂ ಸಾಕಾಗ್ತಿರಲಿಲ್ಲ. ನರ್ಸಿಂಗ್ ಸಿದ್ಧಾಂತ ಬರೆದ ಪೆಪ್ಲಾವ್ ಬಗ್ಗೆ ಪಾಠ ಮಾಡಿದಾಗ ಇದೇ ನನ್ನ ದಾರಿ ಅನ್ನಿಸಿಬಿಡ್ತು. ನರ್ಸಿಗೂ ರೋಗಿಗೂ ನಡುವಿನ ಸಂಬಂಧದಿಂದಲೇ ಚಿಕಿತ್ಸೆ ನಡೆಯೋದು ಅಂತಾರಲ್ಲ ಅವರು.

ದೊಡ್ಡಮ್ಮ: ಆಕೆ ಅದನ್ನ ಪುಸ್ತಕವಾಗಿ ತಂದಿದ್ದು 1952ರಲ್ಲಿ. ನರ್ಸು ಅಂದ್ರೆ ಡಾಕ್ಟರು ಹೇಳಿದ್ದನ್ನ ಮಾಡೋಳು ಅಂತಿದ್ದ ಕಾಲದಲ್ಲಿ ಹಾಗೆ ಬರೆಯೋದಕ್ಕೆ ಧೈರ್ಯ ಬೇಕಿತ್ತು. ಓದಿದಾಗ ನನಗೂ ನಿನ್ನ ಹಾಗೇ ಆಗಿತ್ತು. ಆದ್ರೆ ಒಂದು ತಿಳ್ಕೊ. ಪೋಸ್ಟಿಂಗಲ್ಲಿ ನಿನಗೆ ಒಬ್ಬ ರೋಗಿ ಕೊಡ್ತಾರೆ. ಕೆಲಸಕ್ಕೆ ಸೇರಿದ ಮೇಲೆ ವಾರ್ಡು ಕೊಡ್ತಾರೆ.

ಹುಡುಗ: ವಾರ್ಡಲ್ಲೂ ಒಬ್ಬೊಬ್ಬರ ಹತ್ರ ಕೂತು ಮಾತಾಡಬಹುದಲ್ಲ.

ದೊಡ್ಡಮ್ಮ: ಕೂರ್ತೀಯ. ಕೂತು ಐದು ನಿಮಿಷಕ್ಕೆ ಊಟದ ಗಾಡಿ ಬರುತ್ತೆ. ಎದ್ದು ಹೋಗಿ ಯಾರು ತಿಂದ್ರು, ಯಾರು ತಿನ್ನಲಿಲ್ಲ, ಯಾರು ಅನ್ನದಲ್ಲಿ ವಿಷ ಇದೆ ಅಂತ ತಟ್ಟೆ ತಳ್ಳಿದ್ರು, ನೋಡ್ತೀಯ. ವಾಪಸ್ ಬಂದು ಕೂತ್ರೆ ಹೊಸ ಅಡ್ಮಿಶನ್. ಕುಡಿತ ಬಿಟ್ಟು ಎರಡನೇ ದಿನ, ಮೈಯೆಲ್ಲ ಬೆವರು, ಗೋಡೆ ಮೇಲೆ ಹುಳ ಹರಿದಾಡ್ತಿದೆ ಅಂತಾನೆ. ಗ್ಲೂಕೋಸ್ ಹಾಕೋ ಮೊದಲು ಥಯಾಮಿನ್ ಹೋಗಿದೆಯಾ ಅಂತ ನೋಡಬೇಕು. ಆಮೇಲೆ ಮಾತ್ರೆ ಹೊತ್ತು. ಮಾತ್ರೆ ಕೈಗೆ ಕೊಟ್ಟು ಬರೋದಲ್ಲ, ನೀರು ಕುಡಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಬೇಕು. ನಾಲಿಗೆ ಅಡಿ ಇಟ್ಟುಕೊಂಡು ಬಚ್ಚಲಿಗೆ ಉಗಿಯೋರೂ ಇರ್ತಾರೆ, ಒಂದೊಂದೇ ಕೂಡಿಟ್ಟು ಒಟ್ಟಿಗೆ ನುಂಗೋಣ ಅಂತ ಯೋಚನೆ ಮಾಡೋರೂ ಇರ್ತಾರೆ. ಇಷ್ಟೆಲ್ಲ ಮುಗಿಸಿ ನೀನು ಮೊದಲಿನ ಮಂಚಕ್ಕೆ ಬಂದ್ರೆ ಅವನು ಮುಸುಕು ಹಾಕಿ ಮಲಗಿರ್ತಾನೆ.

ಹುಡುಗ: ಹಾಗಾದ್ರೆ ಕೌನ್ಸೆಲಿಂಗ್ ಯಾವಾಗ ಮಾಡೋದು?

ದೊಡ್ಡಮ್ಮ: ಅದು ಬೇಕು ಅಂದ್ರೆ ಬಾಗಿಲು ಮುಚ್ಚಿದ ಕೋಣೆ, ಎರಡು ಕುರ್ಚಿ, ಮುಕ್ಕಾಲು ಗಂಟೆ ಬೇಕು. ನಮ್ಮ ಕೆಲಸಕ್ಕೆ ಆ ಕೋಣೆ ಇಲ್ಲ. ನಮ್ಮದು ಎಂಟು ಗಂಟೆ ಅದೇ ವಾರ್ಡಲ್ಲಿ ಅವರ ಜೊತೆ ಇರೋದು. ಮಾತು ಎಲ್ಲಿ ಬರುತ್ತೆ ಅಂದ್ರೆ, ಉಗುರು ಕತ್ತರಿಸ್ತಾ ಇರುವಾಗ, ತಲೆ ಬಾಚುವಾಗ, ಎಕ್ಸ್-ರೇಗೆ ಕರ್ಕೊಂಡು ಹೋಗೋ ದಾರೀಲಿ. ವಾರಗಟ್ಟಲೆ ಬಾಯಿ ಬಿಡದ ಮನುಷ್ಯ ನಾನು ಬಟ್ಟೆ ಲೆಕ್ಕ ಮಾಡ್ತಿದ್ದಾಗ ಪಕ್ಕಕ್ಕೆ ಬಂದು, 'ಸಿಸ್ಟರ್, ನಮ್ಮಮ್ಮ ಸತ್ತಾಗ ನಾನು ಊರಲ್ಲಿರಲಿಲ್ಲ' ಅಂದ. ಅಷ್ಟೇ. ನಾನು ಲೆಕ್ಕ ನಿಲ್ಲಿಸಲಿಲ್ಲ. ನಿಲ್ಲಿಸಿ ತಿರುಗಿ ನೋಡಿದ್ದರೆ ಹೊರಟುಹೋಗ್ತಿದ್ದ. ಇನ್ನೆರಡು ದಿಂಬಿನ ಕವರು ಮಡಚಿದ ಮೇಲೆ ಉಳಿದಿದ್ದನ್ನ ಹೇಳಿದ.

ಹುಡುಗ: ಇದು ನನಗೆ ಬರುತ್ತೆ ಅನ್ಸುತ್ತೆ, ದೊಡ್ಡಮ್ಮ.

ದೊಡ್ಡಮ್ಮ: ಬರುತ್ತೆ. ಮಾತು ಕಮ್ಮಿ ಅನ್ನೋದು ಈ ಕೆಲಸಕ್ಕೆ ಅಡ್ಡಿ ಅಲ್ಲವೇ ಅಲ್ಲ. ವಾರ್ಡಿಗೆ ಮಾತುಗಾರರ ಕೊರತೆ ಯಾವತ್ತೂ ಬಂದಿಲ್ಲ. ಮ್ಯಾನಿಯಾದಲ್ಲಿರೋರಿಗೆ ಎದುರಿಗೆ ಇನ್ನೊಬ್ಬ ವಾಚಾಳಿ ಸಿಕ್ಕರೆ ಇಬ್ಬರೂ ಸೇರಿ ವಾರ್ಡನ್ನ ಸಂತೆ ಮಾಡ್ತಾರೆ. ಸುಮ್ಮನಿರೋರು ಸುತ್ತ ನೋಡ್ತಿರ್ತಾರಲ್ಲ, ಅದಕ್ಕೆ ಇಲ್ಲಿ ಬೆಲೆ ಇದೆ. ನನ್ನ ಕೈಕೆಳಗೆ ಒಬ್ಬಳು ಹುಡುಗಿ ಇದ್ಲು, ಇಡೀ ಶಿಫ್ಟಿಗೆ ಹತ್ತು ಮಾತು ಆಡಿದ್ರೆ ಹೆಚ್ಚು. ಮ್ಯಾನಿಯಾ ಇಳಿದು ಇನ್ನೇನು ಮನೆಗೆ ಹೊರಟಿದ್ದ ಒಬ್ಬ ಹೆಂಗಸು, ಲಿಥಿಯಂ ತಗೋತಿದ್ಲು. ಬೆಳಿಗ್ಗೆ ಕಾಫಿ ಕೊಟ್ಟಾಗ ಸ್ಟೀಲ್ ಲೋಟ ತಟ್ಟೆಗೆ ಬಡಿದು ಟಣಟಣ ಅಂತ ಸದ್ದು. ಲಿಥಿಯಂ ತಗೊಳ್ಳೋರ ಬೆರಳು ಸಣ್ಣಗೆ ನಡುಗೋದು ಮಾಮೂಲು, ಕೈ ಚಾಚಿಸಿದ್ರೆ ಕಾಣುತ್ತೆ. ಇದು ಹಾಗಲ್ಲ, ಕಾಫಿ ತುಳುಕಿ ಸೆರಗಿನ ಮೇಲೆ ಬಿತ್ತು. ಈ ಹುಡುಗಿ ಹತ್ರ ಹೋಗಿ ಹೆಸರು ಕೇಳಿದ್ಲು. ಮಾತು ಎಳೀತಿತ್ತು. ಬೇಸಿಗೆ ದಿನ, ಹಿಂದಿನ ದಿನದಿಂದ ಭೇದಿ, ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದ್ರೆ ಲಿಥಿಯಂ ರಕ್ತದಲ್ಲಿ ಏರುತ್ತೆ, ಅದು ನಿನಗೆ ಗೊತ್ತು. 0.6ರಿಂದ 1.2ರ ಒಳಗೆ ಇರಬೇಕಾದ್ದು ಆವತ್ತು 1.5 ದಾಟಿತ್ತು.

ಹುಡುಗ: ಅಬ್ಬ. ಆ ಲೋಟದ ಸದ್ದು ಕೇಳದೇ ಹೋಗಿದ್ದರೆ!

ದೊಡ್ಡಮ್ಮ: ತಾಳು, ಕಥೆ ಅರ್ಧ ಆಗಿದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದ್ಲು. 'ಲಿಥಿಯಂಗೆ ಕೈ ನಡುಗುತ್ತೆ ಸಿಸ್ಟರ್, ರೌಂಡ್ಸಲ್ಲಿ ನೋಡೋಣ' ಅಂದು ಇಟ್ಟುಬಿಟ್ರು. ಸುಮ್ಮನಿರೋ ಸ್ವಭಾವದವರು ಜಾರಿ ಬೀಳೋದು ಇಲ್ಲೇ. ಕಣ್ಣು ಚುರುಕು, ಎದುರು ಮಾತಾಡೋಕೆ ನಾಲಿಗೆ ಏಳಲ್ಲ. ಇವಳು ಬೆಳಗಿನ ಮಾತ್ರೆ ತಡೆಹಿಡಿದು, ಮತ್ತೆ ಫೋನ್ ಮಾಡಿ, 'ಇದು ಆ ನಡುಕ ಅಲ್ಲ ಸರ್, ನೀವು ಬರೋ ತನಕ ನಾನು ಡೋಸ್ ಕೊಡಲ್ಲ, ಹಾಗಂತ ಬರೆದಿಟ್ಟಿದ್ದೀನಿ' ಅಂದ್ಲು. ಬಂದ್ರು. ನೀನು ಆ ಎರಡನೇ ಫೋನ್ ಮಾಡ್ತೀಯಾ?

ಹುಡುಗ: ಒಬ್ಬರಿಗೆ ತೊಂದರೆ ಆಗುತ್ತೆ ಅಂತಿದ್ರೆ ಮಾಡ್ತೀನಿ. ನನಗೋಸ್ಕರ ಆದ್ರೆ ಮಾಡಲ್ಲ.

ದೊಡ್ಡಮ್ಮ: ಸದ್ಯಕ್ಕೆ ಅಷ್ಟಿದ್ರೆ ಸಾಕು. ಇನ್ನು ಕೌನ್ಸೆಲಿಂಗ್ ಮನಸ್ಸು ಅಂತೀಯಲ್ಲ, ಅದಕ್ಕೆ ಒಂದು ಪರೀಕ್ಷೆ ಕೊಡ್ತೀನಿ. ರಾತ್ರಿ ಡ್ಯೂಟಿ. ಒಬ್ಬ ಹುಡುಗ, ನಿನ್ನ ವಯಸ್ಸಿನವನೇ, ಪಕ್ಕಕ್ಕೆ ಬಂದು, 'ಬ್ರದರ್, ನಿಮ್ಮೊಬ್ಬರಿಗೆ ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ' ಅಂತಾನೆ. ಏನ್ಮಾಡ್ತೀಯ?

ಹುಡುಗ: ನಂಬಿ ಬಂದಿದ್ದಾನೆ. ಮೊದಲು ಏನು ಅಂತ ಕೇಳ್ತೀನಿ...

ದೊಡ್ಡಮ್ಮ: ಮಾತು ಕೊಟ್ಟೆ ಅಂತಿಟ್ಕೋ. ದಿಂಬಿನೊಳಗೆ ಬ್ಲೇಡ್ ಇದೆ ಅಂತ ಹೇಳ್ದ. ಈಗ?

ಹುಡುಗ: ಹೇಳಲೇಬೇಕು. ಹ್ಯಾಂಡೋವರಲ್ಲಿ ಹೇಳಿದ್ರೆ ಅವನ ನಂಬಿಕೆ ಹೋಯ್ತು, ಹೇಳದಿದ್ರೆ ಅವನೇ ಹೋಗಬಹುದು.

ದೊಡ್ಡಮ್ಮ: ಅದಕ್ಕೇ ಅವನು ಬಾಯಿ ತೆರೆಯೋ ಮೊದಲೇ ಹೇಳಿಬಿಡಬೇಕು. 'ಕೇಳ್ತೀನಪ್ಪ. ಆದ್ರೆ ನಿನಗೋ ಬೇರೆಯವರಿಗೋ ಅಪಾಯ ಆಗೋ ವಿಷಯ ಆದ್ರೆ ಟೀಮಿಗೆ ಹೇಳ್ತೀನಿ. ಯಾರಿಗೆ, ಏನು ಹೇಳ್ತೀನಿ ಅಂತ ನಿನಗೂ ಹೇಳೇ ಹೋಗ್ತೀನಿ.'

ಹುಡುಗ: ಹಾಗಂದ್ರೆ ಅವನು ಹೇಳೋದೇ ಇಲ್ಲ.

ದೊಡ್ಡಮ್ಮ: ಕೆಲವರು ಹೇಳಲ್ಲ, ನಿಜ. ನನ್ನ ಹತ್ರ ಬಂದವರಲ್ಲಿ ಹೆಚ್ಚಿನವರು ಹೇಳಿದ್ರು. ಗುಟ್ಟು ಹೊತ್ತು ಸುಸ್ತಾಗೇ ಬಂದಿರ್ತಾರೆ. ಕಷ್ಟ ಆಗೋದು ಕೇಳೋರಿಗೇ. 'ನನ್ನೊಬ್ಬನಿಗೇ ಹೇಳಿದ' ಅನ್ನೋ ಸುಖ ಇದೆಯಲ್ಲ, ಹಾಸ್ಟೆಲ್ ರೂಮಲ್ಲಿ ನೀನು ಅನುಭವಿಸಿದ್ದು, ಅದನ್ನ ಬಿಡೋಕೆ ಮನಸ್ಸು ಬರಲ್ಲ. ಒಳ್ಳೆಯ ಮನಸ್ಸಿನ ನರ್ಸುಗಳು ಕೆಟ್ಟಿದ್ದು ಅಲ್ಲೇ. ತನ್ನ ರೋಗಿ, ತನ್ನ ಗುಟ್ಟು, ಮನೆ ಫೋನ್ ನಂಬರೂ ಕೊಡೋದು. ಆಮೇಲೆ ರಾತ್ರಿ ಎರಡು ಗಂಟೆಗೆ ಫೋನ್ ಬರೋಕೆ ಶುರುವಾಗುತ್ತೆ.

ಹುಡುಗ: ನೀವು ಎತ್ತರದ ವಿಷಯ ಆಮೇಲೆ ಅಂದ್ರಿ.

ದೊಡ್ಡಮ್ಮ: ಬಂದೆ. ಗಂಡಸರು ನರ್ಸಿಂಗಿಗೆ ಬಂದ್ರೆ ಸೈಕಿಯಾಟ್ರಿ ವಾರ್ಡಿಗೆ ಕರೀತಾರೆ. ಯಾಕೆ? ಕೌನ್ಸೆಲಿಂಗ್ ಚೆನ್ನಾಗಿ ಮಾಡ್ತಾರೆ ಅಂತಲ್ಲ. ಯಾರಾದ್ರೂ ಉದ್ರೇಕಗೊಂಡ್ರೆ ಕಾರಿಡಾರಿಂದ ಕೂಗ್ತಾರೆ, 'ಬ್ರದರ್, ಬನ್ನಿ!' ಆರಡಿ ಆಳು ಹೋಗಿ ಹಿಡ್ಕೋಬೇಕು, ಸಿಸ್ಟರ್ ಇಂಜೆಕ್ಷನ್ ಕೊಡ್ತಾರೆ. ಹಾಲೊಪೆರಿಡಾಲ್, ಪ್ರೊಮೆಥಜೀನ್. ಹಾಗೆ ಹಿಡ್ಕೊಂಡವನ ಹತ್ರ ಮಾರನೇ ದಿನ ನೀನು ಕುರ್ಚಿ ಎಳ್ಕೊಂಡು ಕೂತು, 'ಹೇಗಿದ್ದೀರಾ, ರಾತ್ರಿ ನಿದ್ದೆ ಬಂತಾ' ಅಂತ ಕೇಳಬೇಕು. ನನ್ನ ಪ್ರಕಾರ ನಿನ್ನ ನಿಜವಾದ ಪ್ರಶ್ನೆ ಇದು. ಒಳಮುಖಿಯೋ ಹೊರಮುಖಿಯೋ ಅಂತ ನೀನು ತಲೆ ಕೆಡಿಸಿಕೊಂಡಿದ್ದೀಯ. ಕೌನ್ಸೆಲರ್ ಜೇಬಲ್ಲಿ ಪೆನ್ನು ಇರುತ್ತೆ. ನಿನ್ನ ಜೇಬಲ್ಲಿ ವಾರ್ಡಿನ ಬೀಗದ ಕೈ ಇರುತ್ತೆ. ಬಾಗಿಲು ತೆಗೀರಿ ಅಂತ ಅವನು ಬೇಡಿಕೊಳ್ತಾನೆ, ನೀನು ತೆಗೆಯಲ್ಲ. ಅಷ್ಟಾದ ಮೇಲೂ ಅವನು ನಿನ್ನ ಹತ್ರ ಮಾತಾಡೋ ಹಾಗೆ ಇರಬೇಕು.

ಹುಡುಗ: ಬೀಗ ಹಾಕೋನ ಹತ್ರ ಯಾರಾದ್ರೂ ಮನಸ್ಸು ಬಿಚ್ಚುತ್ತಾರಾ, ದೊಡ್ಡಮ್ಮ? ಇದು ಎರಡು ದೋಣಿ ಮೇಲೆ ಕಾಲಿಟ್ಟ ಹಾಗಾಯ್ತು.

ದೊಡ್ಡಮ್ಮ: ಬಿಚ್ಚುತ್ತಾರೆ, ಆದ್ರೆ ಹೇಗೆ ಹಿಡಿದೆ ಅನ್ನೋದನ್ನ ನೆನಪಿಟ್ಟುಕೊಂಡಿರ್ತಾರೆ. ಎಲ್ಲ ಮರೆತರೂ ಅದು ನೆನಪಿರುತ್ತೆ. ನನಗೆ ಒಬ್ಬರು ಹೇಳಿದ್ರು, 'ಅವತ್ತು ಐದು ಜನ ಬಂದ್ರಿ. ನೀವೊಬ್ಬರೇ ನನ್ನ ಲುಂಗಿ ಸರಿ ಮಾಡಿದ್ರಿ' ಅಂತ.

ಹುಡುಗ: ನಿಮ್ಮ ಕಾಲದಲ್ಲಿ ಕಟ್ಟಿಹಾಕ್ತಿದ್ರಲ್ಲ?

ದೊಡ್ಡಮ್ಮ: ಕಟ್ತಿದ್ರು. ನಾನೂ ಕಟ್ಟಿದ್ದೀನಿ. ಮಂಚಕ್ಕೆ, ಬ್ಯಾಂಡೇಜ್ ಬಟ್ಟೆಯಲ್ಲಿ. ಜನ ಸಾಲದು ಅನ್ನೋದೇ ಕಾರಣ ಎಷ್ಟೋ ಸಲ. ಆಸ್ಪತ್ರೆ ಹೊರಗೆ ಇನ್ನೂ ಕಷ್ಟ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. ದರ್ಗಾದ ಹತ್ರ ವಾಸಿಯಾಗಲಿ ಅಂತ ಮನೆಯವರು ಬಿಟ್ಟುಹೋದ ರೋಗಿಗಳು, ಸರಪಳಿಯಲ್ಲಿದ್ರು. 28 ಜನ ಸತ್ರು, ಓಡೋಕೆ ಆಗಲಿಲ್ಲ. ಮಾರನೇ ದಿನ ಪೇಪರ್ ನೋಡಿ ನಮ್ಮ ವಾರ್ಡಲ್ಲಿ ಯಾರೂ ಮಾತಾಡಲಿಲ್ಲ, ನಮ್ಮ ಕೈಯೇನು ಅಷ್ಟು ಶುದ್ಧ ಇರಲಿಲ್ಲ. ಈಗ ಕಾಯ್ದೆ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರದ್ದು, 2018ರಲ್ಲಿ ಜಾರಿಗೆ ಬಂತು. ಸರಪಳಿ ಹಾಕೋ ಹಾಗಿಲ್ಲ. ಒಂಟಿ ಕೋಣೆಗೆ ತಳ್ಳಿ ಕೂಡಿಹಾಕೋ ಹಾಗಿಲ್ಲ. ಅರಿವಳಿಕೆ ಕೊಡದೆ ಇಸಿಟಿ, ಅಂದ್ರೆ ಕರೆಂಟ್ ಚಿಕಿತ್ಸೆ, ಇಲ್ಲ. ಆ ಕ್ಷಣದ ಅಪಾಯ ತಪ್ಪಿಸೋಕೆ ಬೇರೆ ದಾರಿಯೇ ಇಲ್ಲ ಅಂದ್ರೆ ಮಾತ್ರ ಕಟ್ಟಬಹುದು, ಅದಕ್ಕೂ ಸೈಕಿಯಾಟ್ರಿಸ್ಟ್ ಒಪ್ಪಿಗೆ ಬೇಕು, ಕೇಸ್ ಷೀಟಲ್ಲಿ ಕಾರಣ ಬರೀಬೇಕು, ರೋಗಿ ಹೆಸರಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆ ಅಂತ ಕಟ್ಟಬಾರದು. ಜನ ಕಮ್ಮಿ ಅನ್ನೋ ಒಂದೇ ನೆಪಕ್ಕೂ ಕಟ್ಟಬಾರದು. ಈ ಕಡೆಯ ಮಾತನ್ನ ಬರೆದವರು ಯಾರೋ ರಾತ್ರಿ ಪಾಳಿ ಕಂಡವರೇ ಇರಬೇಕು.

ಹುಡುಗ: ಹಾಗಾದ್ರೆ ನನ್ನನ್ನ ಕರೀತಿರೋದು ಮೈಕಟ್ಟಿಗೆ ಅಂತ ಆಯ್ತು.

ದೊಡ್ಡಮ್ಮ: ಕರೀಲಿ. ನೀನು ಹೋಗಿ ಬೇರೆ ಕೆಲಸ ಮಾಡು. ದೊಡ್ಡ ಆಳು, ಸಣ್ಣ ದನಿ. ಇದು ವಾರ್ಡಲ್ಲಿ ಬಹಳ ಉಪಯೋಗಕ್ಕೆ ಬರುತ್ತೆ. ಎದುರಿಗೆ ನೆಟ್ಟಗೆ ನಿಲ್ಲಬೇಡ, ಸ್ವಲ್ಪ ಓರೆಯಾಗಿ ನಿಲ್ಲು, ಕೈಗೆ ಸಿಗದಷ್ಟು ದೂರ. ಬಾಗಿಲಿಗೆ ಅಡ್ಡ ನಿಲ್ಲಬೇಡ, ಅವನಿಗೂ ದಾರಿ ಇರಲಿ, ನಿನಗೂ ಇರಲಿ. ಒಬ್ಬರೇ ಮಾತಾಡಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ 'ಕೂತ್ಕೊಳ್ಳಿ, ಕೂತ್ಕೊಳ್ಳಿ' ಅಂದ್ರೆ ಆರೋಗ್ಯವಂತನಿಗೂ ತಲೆ ಕೆಡುತ್ತೆ. 'ನೀರು ಬೇಕಾ, ಹೊರಗೆ ಬೆಂಚಿನ ಮೇಲೆ ಕೂರೋಣವಾ' ಅಂತ ಎರಡರಲ್ಲಿ ಒಂದನ್ನ ಅವನೇ ಆರಿಸೋ ಹಾಗೆ ಕೇಳು. ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿ. ಈ ಕಾಯೋದು ಮಾತುಗಾರರಿಗೆ ಬರಲ್ಲ. ಇಷ್ಟು ಮಾಡಿದ್ರೂ ಕೆಲವು ಸಲ ಇಂಜೆಕ್ಷನ್ ಬೇಕಾಗುತ್ತೆ, ಅದನ್ನೂ ಹೇಳಿಬಿಡ್ತೀನಿ.

ಹುಡುಗ: ರೋಗಿ ಮನೆಯವರು ಪಕ್ಕದಲ್ಲೇ ಇರ್ತಾರಲ್ಲ, ಅವರಿಂದ ಸಹಾಯ ಆಗಲ್ವಾ?

ದೊಡ್ಡಮ್ಮ: ನಿನಗೆ ಸುಸ್ತಾಗೋದೇ ಅವರಿಂದ! ನಮ್ಮ ದೇಶದ ವಾರ್ಡು ಬೇರೆ ಥರ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅಂತ, ರೋಗಿಯ ಮನೆಯವರನ್ನ ಆಸ್ಪತ್ರೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡ್ರು. ನಿಮ್ಹಾನ್ಸಲ್ಲೂ ಫ್ಯಾಮಿಲಿ ವಾರ್ಡ್ ಇದೆ. ರೋಗಿ ಅನಾಥ ಆಗಲ್ಲ, ಮನೆಯವರಿಗೆ ಕಾಯಿಲೆ ಅರ್ಥ ಆಗುತ್ತೆ, ಬಹಳ ಒಳ್ಳೇದು. ಆದ್ರೆ ನಿನ್ನಂಥವನು ಒಬ್ಬ ರೋಗಿ ಜೊತೆ ಮಾತು ಅಂತ ಲೆಕ್ಕ ಹಾಕಿಕೊಂಡು ಬಂದಿರ್ತಾನೆ, ಅವನ ಅಮ್ಮ, ಭಾವ, ಚಿಕ್ಕಪ್ಪ ಸಾಲಾಗಿ ನಿಂತಿರ್ತಾರೆ. ಯಾವಾಗ ವಾಸಿ ಆಗುತ್ತೆ, ಮಾತ್ರೆ ಜೀವನಪೂರ್ತಿನಾ, ಮದುವೆ ಮಾಡಿದ್ರೆ ಸರಿಹೋಗ್ತಾನಂತೆ ಹೌದಾ, ದೇವಸ್ಥಾನಕ್ಕೆ ಕರ್ಕೊಂಡು ಹೋಗಬಹುದಾ. ಅದೇ ಪ್ರಶ್ನೆಗೆ ದಿನಾ ಅದೇ ಉತ್ತರ, ಮುಖ ಸಿಂಡರಿಸದೆ. ಮದುವೆ ಮಾಡಿ ನೋಡ್ತೀವಿ ಅಂದವರಿಗೆ 'ಬೇಡ' ಅನ್ನೋದಕ್ಕೂ ಗಂಟಲು ಬೇಕು.

ಹುಡುಗ: ಇದಕ್ಕೇ ನನಗೆ ಭಯ. ಮನೆಗೆ ಬಂದ ಮೇಲೆ ನನ್ನಲ್ಲಿ ಏನು ಉಳಿದಿರುತ್ತೆ?

ದೊಡ್ಡಮ್ಮ: ಮೊದಮೊದಲು ಏನೂ ಉಳಿಯಲ್ಲ. ನಾನು ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿಕೊಳ್ತಿದ್ದೆ, ಪರಿಚಯದವರು ಕಂಡರೆ ನಿದ್ದೆ ನಟನೆ. ಮನೆಗೆ ಬಂದು ಒಂದು ಲೋಟ ಕಾಫಿ ಮುಗಿಯೋ ತನಕ ಯಾರೂ ಮಾತಾಡಿಸಬಾರದು ಅಂತ ಕಾನೂನು. ನಿಮ್ಮ ದೊಡ್ಡಪ್ಪ ಅದನ್ನ ಕಲಿಯೋದಕ್ಕೆ ಮೊದಲು ಬಹಳ ಜಗಳ ಆಡಿದ್ವಿ. ನೀನು ಕಟ್ಟಿಕೊಳ್ಳೋಳಿಗೆ ಮೊದಲೇ ಹೇಳಿಬಿಡು.

ಹುಡುಗ: ನೇರವಾಗಿ ಕೌನ್ಸೆಲಿಂಗ್ ಕಡೆಗೇ ಹೋದ್ರೆ? ಸೈಕಾಲಜಿ ಓದಿ?

ದೊಡ್ಡಮ್ಮ: ಹೋಗಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು ಅಂದ್ರೆ ಸೈಕಾಲಜಿ ಕಲಿತು, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ ಇರೋ ಕೋರ್ಸ್ ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತಲ್ಲಿ ನೋಂದಣಿ ಮಾಡಿಸಬೇಕು. ನಿನ್ನ ಬಿ.ಎಸ್ಸಿ. ನರ್ಸಿಂಗ್ ಅಲ್ಲಿ ಲೆಕ್ಕಕ್ಕೆ ಬರಲ್ಲ, ಹೆಚ್ಚುಕಮ್ಮಿ ಮೊದಲಿಂದ ಶುರು ಮಾಡಿದ ಹಾಗೆ. ನಾಲ್ಕು ವರ್ಷದ ಫೀಸು ನಿಮ್ಮಪ್ಪ ಹೇಗೆ ಕಟ್ಟಿದ ಅಂತ ನನಗೆ ಗೊತ್ತು. ನರ್ಸಿಂಗಿನೊಳಗೇ ದಾರಿ ಇದೆ. ಸೈಕಿಯಾಟ್ರಿಕ್ ನರ್ಸಿಂಗಲ್ಲಿ ಎಂ.ಎಸ್ಸಿ. ಎರಡು ವರ್ಷ, ಅದಕ್ಕೆ ಮೊದಲು ಒಂದು ವರ್ಷ ಕೆಲಸ ಮಾಡಿರಬೇಕು. ಇಲ್ಲಾಂದ್ರೆ ಒಂದು ವರ್ಷದ ಡಿಪ್ಲೊಮಾ. ಆಮೇಲೆ ವಾರ್ಡೇ ಆಗಬೇಕಂತಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆಯಲ್ಲ, ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನ ನೋಡಿ 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಅದರ ತಂಡದಲ್ಲಿ ನಮ್ಮವರಿಗೆ ಜಾಗ ಇದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ, ತಂಡದವರು ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋಗಿ ರೋಗಿಗಳನ್ನ ನೋಡ್ತಾರೆ. ಮಾತ್ರೆ ನಿಲ್ಲಿಸಿದವನು ಯಾಕೆ ನಿಲ್ಲಿಸಿದ ಅಂತ ವಿಚಾರಿಸೋ ಕೆಲಸ ನಿನಗೆ ಒಗ್ಗುತ್ತೆ. ಅಲ್ಲಿ ಬೀಗದ ಕೈ ಇಲ್ಲ, ಸಂಕೋಚದಿಂದ ಬಂದು ಬೆಂಚಿನ ತುದೀಲಿ ಕೂತವರು ಇರ್ತಾರೆ.

ಹುಡುಗ: ಟೆಲಿ ಮಾನಸ್ ಸಹಾಯವಾಣಿ?

ದೊಡ್ಡಮ್ಮ: 14416. 2022ರ ಅಕ್ಟೋಬರ್ 10ರಂದು ಶುರುವಾಯ್ತು. ಮುಖ ನೋಡದೆ ಮಾತಾಡೋದು ಅಂತ ನಿನ್ನ ಕಣ್ಣು ಮಿಂಚಿದ್ದು ಕಾಣ್ತು. ಆದ್ರೆ ಲೋಟದ ಸದ್ದು ಫೋನಲ್ಲಿ ಕೇಳಲ್ಲ ಕಣೋ. ಅವನು ಅತ್ತು ಫೋನ್ ಇಟ್ಟ ಮೇಲೆ ಏನಾಯ್ತು ಅಂತ ಬಹಳ ಸಲ ಗೊತ್ತೂ ಆಗಲ್ಲ. ಅದನ್ನ ತಡ್ಕೊಳ್ಳೋದು ಬೇರೆಯೇ ಶಕ್ತಿ. ಮೊದಲು ವಾರ್ಡು ನೋಡು.

ಹುಡುಗ: ಹಾಗಿದ್ರೆ ಐಸಿಯು ಬಿಟ್ಟುಬಿಡ್ಲಾ?

ದೊಡ್ಡಮ್ಮ: ನಾನು ಹಾಗಂದೆನಾ? ಮನಸ್ಸಿನ ಕಾಯಿಲೆಯವರಿಗೂ ಮೈ ಅನ್ನೋದು ಇರುತ್ತೆ, ಅದನ್ನ ನಮ್ಮವರೇ ಮರೀತಾರೆ. ಕ್ಲೋಜಪಿನ್ ಮಾತ್ರೆ ಶುರು ಮಾಡಿದ್ರೆ ಮೊದಲ 18 ವಾರ, ವಾರಕ್ಕೊಂದು ಸಲ ರಕ್ತ ನೋಡ್ತಾರೆ, ಸರಿ. ಮಲಬದ್ಧತೆ ಎಷ್ಟು ದಿನದಿಂದ ಅಂತ ಯಾರು ಕೇಳ್ತಾರೆ? ಅದರಿಂದ ಕರುಳು ಕಟ್ಟಿ ಸತ್ತವರಿದ್ದಾರೆ. ಐಸಿಯುನಲ್ಲಿ ಒಂದು ವರ್ಷ ಇದ್ದು ಬಂದವನ ಕೈ, ಕಣ್ಣು ಬೇರೆ ಥರ ಪಳಗಿರುತ್ತೆ. ಎಂ.ಎಸ್ಸಿ.ಗೆ ಬೇಕಾದ ಒಂದು ವರ್ಷವೂ ಆಯ್ತು. ಆದ್ರೆ ಅಲ್ಲಿ ಹೆಚ್ಚಿನವರ ಬಾಯಲ್ಲಿ ಟ್ಯೂಬ್ ಇರುತ್ತೆ. ಮಾತು ಕೇಳದೆ ಒಂದು ವರ್ಷ ಇರ್ತೀಯಾ ಅಂತ ನೀನೇ ಯೋಚನೆ ಮಾಡು. ಈ ಮಾನಸಿಕ ಆಸ್ಪತ್ರೆಗೆ ಇಂಟರ್ವ್ಯೂಗೆ ಹೋಗು, ಹೋಗಿ ನೀನೇ ಕೇಳು. ರಾತ್ರಿ ಒಂದು ವಾರ್ಡಿಗೆ ಎಷ್ಟು ಜನ ಸ್ಟಾಫ್? ಮೊದಲ ತಿಂಗಳು ಹಳಬರು ಯಾರಾದ್ರೂ ಜೊತೆಗಿರ್ತಾರಾ? ರಾತ್ರಿ ಡಾಕ್ಟರ್ ಒಳಗಿರ್ತಾರೋ, ಫೋನಲ್ಲಿರ್ತಾರೋ? ಯಾರನ್ನಾದ್ರೂ ಕಟ್ಟಿದ್ರೆ ಬರೆಯೋ ರಿಜಿಸ್ಟರ್ ತೋರಿಸ್ತೀರಾ?

ಹುಡುಗ: ಹೊಸದಾಗಿ ಬಂದವನು ರಿಜಿಸ್ಟರ್ ಕೇಳಿದ್ರೆ ಕೆಲಸ ಕೊಡ್ತಾರಾ?

ದೊಡ್ಡಮ್ಮ: ಕೊಡದಿದ್ರೆ ಐಸಿಯು ಇದ್ದೇ ಇದೆ.

ಹುಡುಗ: ತೋರಿಸಿದ್ರು ಅಂತಿಟ್ಕೊಳ್ಳಿ. ಅದು ಖಾಲಿ ಇದ್ರೆ?

ದೊಡ್ಡಮ್ಮ: ಖಾಲಿ ಇದ್ರೆ, ಒಂದೋ ಅಲ್ಲಿ ಯಾರನ್ನೂ ಕಟ್ಟಲ್ಲ, ಇಲ್ಲಾ ಕಟ್ಟಿದ್ದನ್ನ ಬರೆಯಲ್ಲ. ವಾರ್ಡೊಳಗೆ ಒಂದು ಸುತ್ತು ಹಾಕ್ತೀನಿ ಅನ್ನು. ಮಂಚದ ಕಂಬಿಗಳನ್ನ ನೋಡು, ಬಣ್ಣ ಎಲ್ಲಿ ಸವೆದಿದೆ ಅಂತ. ಇಷ್ಟೆಲ್ಲ ಕೇಳಿದ ಮೇಲೆ ಪಿಎಫ್ ಇದೆಯಾ, ನೈಟ್ ಅಲೋಯನ್ಸ್ ಎಷ್ಟು ಅಂತಾನೂ ಕೇಳ್ಕೊಂಡು ಬಾ. ಸಂಜೆ ನಿಮ್ಮಮ್ಮ ನನಗೆ ಫೋನ್ ಮಾಡಿ ಕೇಳೋದು ಅದನ್ನೇ.